ಮಹಾಬಳೇಶ್ವರದ ಮರದಣಬೆಗಳು

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರಲ್ಲಿ ಮಹಾಬಳೇಶ್ವರವನ್ನು ನೋಡದವರು ವಿರಳ. ನಮ್ಮ ನಾಡಿಗೆ ಹರಿದುಬರುವ ಕೃಷ್ಣೆಯ ಉಗಮವನ್ನೂ ಆಳವಾದ ಕಣಿವೆಗಳನ್ನೂ ಕಂಡು, ಜೇನುತುಪ್ಪ ಕೊಂಡು ಮರಳುವುದು ವಾಡಿಕೆ. ಆದರೆ ಮಳೆ ಹಿಂದೆಗೆದ ಮೇಲೆ ಅಲ್ಲಿಯ ಕಾಡುಹಾದಿಯಲ್ಲಿ ಮೆಲ್ಲನೆ ನಡೆದರೆ ಇನ್ನೊಂದು ಸಂಪತ್ತು ಕಣ್ಣಿಗೆ ಬೀಳುತ್ತದೆ. ಅದು ಮರದಣಬೆ.

ನಾಯಿಕೊಡೆಯಂತೆ ಇದು ಎರಡು ದಿನದ ಅತಿಥಿಯಲ್ಲ. ಕಾಂಡಕ್ಕೆ ಕಚ್ಚಿಕೊಂಡು, ಗೋಡೆಗೆ ಬಡಿದ ಹಲಗೆಯಂತೆ ಹೊರಚಾಚಿ, ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ನಿಲ್ಲುತ್ತದೆ. ಸುಮಾರು 4,400 ಅಡಿ ಎತ್ತರದ ಈ ಗಿರಿಯ ಮೇಲೆ ವರ್ಷಕ್ಕೆ 200 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುತ್ತದೆ. ನೇರಳೆ ಮತ್ತು ಅಲ್ಲಿಯವರು ಅಂಜನಿಯೆನ್ನುವ ಮರಗಳ ಒತ್ತಾದ ಕಾಡು ಆ ತೇವವನ್ನು ಹಿಡಿದಿಡುತ್ತದೆ. ಅಣಬೆಗೆ ಇನ್ನೇನು ಬೇಕು?

ಸಹ್ಯಾದ್ರಿಯಲ್ಲಿ ಇವುಗಳ ಬಗೆಗಳು ಹಲವು. ಅರಗು ಬಳಿದಂತೆ ಹೊಳೆಯುವ ಗ್ಯಾನೊಡರ್ಮ, ಕೆಂಡದ ಬಣ್ಣದ ಪಿಕ್ನೊಪೋರಸ್, ತೊಟ್ಟಿನ ಮೇಲೆ ಪುಟ್ಟ ಆಲಿಕೆಯಂತೆ ನಿಲ್ಲುವ ಮೈಕ್ರೊಪೋರಸ್, ಜೇನುಹುಟ್ಟಿನಂಥ ಕಣ್ಣುಗಳ ಹೆಕ್ಸಗೋನಿಯ. ಗುರುತಿನ ಗುಟ್ಟು ಬಹುಮಟ್ಟಿಗೆ ಕೆಳಮೈಯಲ್ಲಿದೆ. ಅಲ್ಲಿಯ ರಂಧ್ರಗಳಿಂದಲೇ ಬೀಜಾಣುಗಳು ಉದುರುತ್ತವೆ. ಸಮೀಕ್ಷೆಗೆ ಹೋದವರು ಮರ ಯಾವುದು, ಜೀವಂತವೋ ಸತ್ತದ್ದೋ ಎಂದು ಬರೆದುಕೊಂಡು, ಮಾದರಿಯನ್ನು ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇಂಥ ಮಾದರಿಗಳನ್ನು ಕಾಪಾಡಲೆಂದೇ ಪುಣೆಯ ಆಘಾರಕರ ಸಂಶೋಧನಾ ಸಂಸ್ಥೆಯಲ್ಲಿ ಅಜರೇಕರರ ಹೆಸರಿನ ಶಿಲೀಂಧ್ರ ಸಂಗ್ರಹವಿದೆ. ಆದರೂ ಕಣ್ಣು ಮೋಸಹೋಗುವುದುಂಟು: ಗ್ಯಾನೊಡರ್ಮದ ಒಂದೇ ಹೆಸರಿನ ಕೆಳಗೆ ಹಲವು ಜಾತಿಗಳು ಅಡಗಿದ್ದುವೆಂದು ಡಿ.ಎನ್.ಎ. ಪರೀಕ್ಷೆಯಿಂದ ತಿಳಿದುಬಂದಿದೆ.

ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳು ಕಡಮೆ. ಆ ಕೆಲಸದಲ್ಲಿ ಮರದಣಬೆಗಳದೇ ಮೇಲುಗೈ. ಮರ ಮಣ್ಣಿನಿಂದ ಪಡೆದ ಸಾಲವನ್ನು ಮಣ್ಣಿಗೆ ತೀರಿಸುವ ಗುಮಾಸ್ತರು ಇವು. ಬಿದ್ದ ದಿಮ್ಮಿಗಳನ್ನೆಲ್ಲ ಎಳೆದೊಯ್ದು ಕಾಡನ್ನು ಚೊಕ್ಕಟಗೊಳಿಸಿದರೆ ಇವುಗಳಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ಮೊದಲು ಬಗೆಗಳು ಕಡಮೆಯಾಗುತ್ತವೆ, ಆಮೇಲೆ ಮಣ್ಣು ಬಡವಾಗುತ್ತದೆ. ಮರಾಠಿಗರ ದೇವರಾಯಿಗಳಲ್ಲಿ ಬಿದ್ದ ಕಟ್ಟಿಗೆಯನ್ನೂ ಒಯ್ಯಬಾರದೆಂಬ ಕಟ್ಟಳೆ ಅನೇಕ ಕಡೆ ನಡೆದುಬಂದಿದೆ. ಹಿರಿಯರು ದೇವರಿಗೆಂದು ಬಿಟ್ಟದ್ದು ಅಣಬೆಗೂ ದಕ್ಕಿತು.

2001ರಲ್ಲಿ ಸರಕಾರ ಮಹಾಬಳೇಶ್ವರ-ಪಂಚಗಣಿ ಸೀಮೆಯನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ಕಾನೂನಿನ ಜೊತೆಗೆ ನಮ್ಮ ವಿವೇಕವೂ ಬೇಕು. ಮುಂದಿನ ಸಲ ಹೋಗುವಾಗ ಮಕ್ಕಳ ಕೈಗೊಂದು ಭೂತಗನ್ನಡಿ ಕೊಡಿ. ಅಣಬೆಯನ್ನು ಕೀಳದೆ, ಬಗ್ಗಿ ಅದರ ಕೆಳಮೈ ನೋಡಲು ಹೇಳಿ. ಕೊಳೆಯುತ್ತಿರುವ ದಿಮ್ಮಿಯೂ ಕಾಡಿನ ಆಸ್ತಿಯೆಂಬುದು ಅವರಿಗೆ ಅಲ್ಲೇ ಮನದಟ್ಟಾದೀತು.