ಓಡಿಸುತ್ತಿದ್ದದ್ದು ಯಾರು?

ಪುಂಜಾಲಕಟ್ಟೆ ದಾಟಿದ ಮೇಲೆ ರಸ್ತೆ ಅಗಲವಾಗುತ್ತದೆ. ಅಲ್ಲಿಯ ತನಕ ನೀವು ಕಾರಿನ ಹೊಟ್ಟೆ ನೆಲಕ್ಕೆ ತಾಗೀತೆಂಬ ಹೆದರಿಕೆಯಲ್ಲೇ ಬಂದಿದ್ದೀರಿ. ಮೂಡುಬಿದಿರೆ ಬಿಟ್ಟು ಹೊಸಂಗಡಿ, ಪೆರಿಂಜೆ, ವೇಣೂರು. ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ ಹೆದ್ದಾರಿ ಹಿಡಿದರೆ ಅಲ್ಲೂ ಅಗಲೀಕರಣದ ಕೆಲಸ, ಅಗೆದ ಮಣ್ಣು, ಕೆಂಪು ನೀರು ತುಂಬಿದ ಹೊಂಡ. ಈ ಕಾರಿಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ಮೂಡುಬಿದಿರೆಯಿಂದ ಬಿ.ಸಿ. ರೋಡಿಗೆ ಸಿದ್ಧಕಟ್ಟೆಯ ದಾರಿಯೇ ಹತ್ತಿರ. ಆದರೂ ಬೆಳ್ತಂಗಡಿ ತಾಲೂಕನ್ನು ಸುತ್ತಿ ಬಂದಿರಿ, ಏಕೆಂದರೆ ಈ ಕಾರನ್ನು ಒಂದು ಸಲವಾದರೂ ಅಗಲ ರಸ್ತೆಯಲ್ಲಿ ಬಿಟ್ಟು ನೋಡಬೇಕು.

ಕಾರು ಭಾವನದು. ಎರಡೇ ಬಾಗಿಲು, ನಾನೂರರ ಹತ್ತಿರ ಅಶ್ವಶಕ್ತಿ, ಅಷ್ಟೂ ಹಿಂದಿನ ಎರಡು ಚಕ್ರಗಳಿಗೆ. ವರ್ಷದ ಬಹುಪಾಲು ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ. "ನಿಂತು ನಿಂತು ಬ್ಯಾಟರಿ ಇಳೀತದೆ, ಒಂದು ರೌಂಡು ತಕ್ಕೊಂಡು ಹೋಗು" ಎಂದು ಕೀ ಕೊಟ್ಟವರು ಅವರೇ.

ಜೂನ್ ತಿಂಗಳ ಸಂಜೆ. ಮಧ್ಯಾಹ್ನದ ತನಕ ಬಿಸಿಲಿತ್ತು. ಈಗ ಮಳೆ ಹೊಡೆದು ನಿಂತಿದೆ, ಪೂರ್ತಿ ಬಿಟ್ಟಿಲ್ಲ. 73ನೇ ರಾಷ್ಟ್ರೀಯ ಹೆದ್ದಾರಿ ಕಪ್ಪಗೆ ಹೊಳೆಯುತ್ತಾ ಬಂಟ್ವಾಳದ ಕಡೆ ಇಳಿಯುತ್ತದೆ. ಬಲಗಾಲಿಗೆ ತಾನಾಗಿ ಧೈರ್ಯ ಬರುತ್ತದೆ. ಸ್ಪೋರ್ಟ್ ಮೋಡ್ ಎಂಬ ಗುಂಡಿ ಒತ್ತುತ್ತೀರಿ. ಎಂಜಿನ್ನಿನ ದನಿ ಬೆನ್ನಹುರಿಯಲ್ಲಿ ಕೇಳಿಸುತ್ತದೆ. ಸೂಜಿ ತೊಂಬತ್ತು ದಾಟುತ್ತದೆ. ತೊಂಬತ್ತು ಎಂದರೆ ಸೆಕೆಂಡಿಗೆ 25 ಮೀಟರ್. ಇದನ್ನು ನೀವು ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕುವವರಿದ್ದೀರಿ.

ಎಡಕ್ಕೊಂದು ತಿರುವು, ಇಳಿಜಾರು. ಎಡಗಡೆ ಕಡಿದ ಧರೆ. ಧರೆಯಿಂದಿಳಿದ ಕೆಂಪು ನೀರು ಚರಂಡಿ ತುಂಬಿ ರಸ್ತೆಯ ಮೇಲೆ ಅಡ್ಡಲಾಗಿ ಹರಿಯುತ್ತಿದೆ, ತೆಳುವಾಗಿ, ಡಾಮರಿನದೇ ಹೊಳಪಿನಲ್ಲಿ ಕಲೆತುಹೋಗಿ. ಕಂಡಾಗ ತಡವಾಗಿತ್ತು. ಸ್ಟೇರಿಂಗ್ ಒಮ್ಮೆಲೇ ಹಗುರ. ಟೈರು ನೆಲ ಬಿಟ್ಟು ನೀರಿನ ಮೇಲೇರಿದೆ. ವಿಮಾನದ ಟೈರುಗಳ ಮೇಲೆ ಪರೀಕ್ಷೆ ನಡೆಸಿ ನಾಸಾದವರು ಕಂಡುಕೊಂಡ ಸೂತ್ರದ ಪ್ರಕಾರ, 32 ಪಿಎಸ್‌ಐ ಗಾಳಿಯ ಟೈರು ನಿಂತ ನೀರಿನ ಮೇಲೆ ಗಂಟೆಗೆ 94 ಕಿ.ಮೀ. ಹತ್ತಿರ ತೇಲತೊಡಗುತ್ತದೆ. ಟೈರು ಅಗಲವಿದ್ದು, ಗೀರುಗಳು ಸವೆದಿದ್ದರೆ ಇನ್ನೂ ಬೇಗ.

ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ. ಯಾರಾದರೂ ತೆಗೆಯುತ್ತಾರೆ. ತಿರುವಿನ ನಡುವೆ ಕಾಲೆತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಹಿಂದಿನ ಚಕ್ರಗಳು ಬಲಕ್ಕೆ ಜಾರಿ ಮೂತಿ ಧರೆಯ ಕಡೆ ತಿರುಗಿತು. ನೀವು ಸ್ಟೇರಿಂಗನ್ನು ಬಲಕ್ಕೆ ಎಳೆದಿರಿ. ಎಳೆದದ್ದು ಸರಿಯೇ, ಆದರೆ ಎಳೆದಷ್ಟೇ ಬೇಗ ಬಿಟ್ಟುಕೊಡಬೇಕಿತ್ತು. ಕಾರು ಜಾರದಂತೆ ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕುವ ಇಎಸ್‌ಸಿ ಎಂಬ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದದ್ದು, ಈ ಕಾರಿನಲ್ಲೂ ಇದೆ. ಸ್ಪೋರ್ಟ್ ಮೋಡಿನಲ್ಲಿ ಅದು ತಡವಾಗಿ ಕೈಹಾಕುತ್ತದೆ. ಹಾಕಿದರೂ ಇಲ್ಲದ ಹಿಡಿತವನ್ನು ಎಲ್ಲಿಂದಲೂ ತಂದುಕೊಡಲಾರದು. ಹರಿಯುವ ನೀರು ಮುಗಿದು ಟೈರುಗಳಿಗೆ ಮತ್ತೆ ಡಾಮರಿನ ಹಿಡಿತ ಸಿಕ್ಕಿದ ಕ್ಷಣ, ಹಗ್ಗ ಹರಿದುಕೊಂಡ ಕಂಬಳದ ಕೋಣದ ಹಾಗೆ ಕಾರು ಬಲಕ್ಕೆ ಚಿಮ್ಮಿತು. ಬಿಳಿ ಗೆರೆ ದಾಟಿತು. ಎದುರಿನಿಂದ ಏರು ಹತ್ತುತ್ತಿದ್ದ ಸ್ಕೂಟರಿನ ದೀಪ. ಒಂದು ಸದ್ದು, ಅದು ದೊಡ್ಡದಲ್ಲ. ಆಮೇಲೆ ಮುರಕಲ್ಲಿನ ಪಾಗಾರ; ಅದು ದೊಡ್ಡ ಸದ್ದು.

ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಸಾಕು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಅದು ಉಬ್ಬಿ, ಹೊಡೆದು, ಇಳಿದೂ ಆಗಿತ್ತು. ಬಿಳಿ ಪುಡಿ, ಪಟಾಕಿ ಸುಟ್ಟ ವಾಸನೆ, ಸೀಟ್‌ಬೆಲ್ಟಿನ ಬರೆ ಹೆಗಲಿಂದ ಸೊಂಟದ ತನಕ. ವೈಪರ್ ಇನ್ನೂ ಓಡುತ್ತಿದೆ. ಕೀ ಆಫ್ ಮಾಡುತ್ತೀರಿ. ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿದೆ. ಒರಗಿ ದೂಡಿ ಹೊರಬರುತ್ತೀರಿ.

ಸ್ಕೂಟರು ಚರಂಡಿಯಲ್ಲಿ. ಅದರ ಸವಾರರು ರಸ್ತೆಯಂಚಿನಲ್ಲಿ, ಒಂದು ಕೈ ಊರಿ ಏಳಲು ನೋಡುತ್ತಿದ್ದಾರೆ. ಐವತ್ತರ ಆಸುಪಾಸು. ಹೆಲ್ಮೆಟ್ ಇದೆ. ಅಂಗಿಯ ತುಂಬ ಮೈಲುತುತ್ತಿನ ನೀಲಿ ಕಲೆ: ಅಡಿಕೆಗೆ ಮದ್ದು ಬಿಡುವವರು, ಮಳೆ ಬಂತೆಂದು ಕೆಲಸ ನಿಲ್ಲಿಸಿ ಮನೆಗೆ ಹೊರಟವರು. ಎಡಗಾಲು ಮೊಣಕಾಲಿನ ಕೆಳಗೆ, ಬಾಗಬಾರದ ಕಡೆ ಬಾಗಿದೆ.

ಅವರ ಬಳಿಗೆ ಮೊದಲು ಬಂದವರು ನೀವಲ್ಲ. ಬೀಡಿಕಟ್ಟುಗಳ ಪ್ಲಾಸ್ಟಿಕ್ ಚೀಲ ಹಿಡಿದು ಬ್ರಾಂಚಿಗೆ ಹೊರಟಿದ್ದ ಒಬ್ಬರು ಅಕ್ಕ. ಚೀಲವನ್ನು ಅಲ್ಲೇ ನೆಲದ ಮೇಲೆ ಹಾಕಿ, ಕೊಡೆಯನ್ನು ಅವರ ಮುಖಕ್ಕೆ ಮರೆಯಾಗಿ ಹಿಡಿದು, "ಏಳ್ಬೇಡಿ ಅಣ್ಣ, ಹಾಗೇ ಮಲ್ಕೊಳ್ಳಿ" ಎನ್ನುತ್ತಾರೆ. ಒದ್ದೆಯಾದ ಬೀಡಿಯನ್ನು ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅದು ಅವರಿಗೆ ಗೊತ್ತಿಲ್ಲದ್ದಲ್ಲ.

ರಿಕ್ಷಾವೊಂದು ನಿಂತಿತು. ಪಾಗಾರದ ಆಚೆಯ ತೋಟದಿಂದ ಇಬ್ಬರು ಓಡಿ ಬಂದರು. "ದಾದ ಆಂಡ್?" ಏನಾಯಿತೆಂದು ತುಳುವಿನಲ್ಲಿ ಪ್ರಶ್ನೆ. ರಿಕ್ಷಾದವರು ಕಾಲು ನೋಡಿ, "ಯಾರೂ ಎತ್ಬೇಡಿ" ಎಂದು ಕೂಗುತ್ತಾರೆ. ತೋಟದವರಲ್ಲಿ ಒಬ್ಬರು ಓಡಿಹೋಗಿ ಅಡಿಕೆ ಹಾಳೆ ತರುತ್ತಾರೆ. ಕತ್ತಿಯಲ್ಲಿ ಅದರ ಎರಡು ತುದಿ ಹಾರಿಸಿ, ಕಾಲಿನ ಅಡಿಗೆ ಮೆಲ್ಲನೆ ತೂರಿಸಿ, ಎರಡೂ ಬದಿ ಮೇಲಕ್ಕೆ ಮಡಚಿ, ಹೆಗಲ ಬೈರಾಸಿನಲ್ಲಿ ಮಂಡಿಯ ಮೇಲೊಂದು, ಪಾದದ ಹತ್ತಿರ ಒಂದು ಗಂಟು. ಮುರಿದ ಜಾಗದ ಮೇಲೆ ಗಂಟು ಬರಕೂಡದೆಂದು ಆತನಿಗೆ ಯಾರು ಹೇಳಿಕೊಟ್ಟರೋ. ಯಾರೋ 108ಕ್ಕೆ ಹೇಳಿಯಾಗಿದೆ. ನೀವು ಅವರ ಕೈ ಹಿಡಿದುಕೊಂಡಿದ್ದೀರಿ. ಅದಕ್ಕಿಂತ ಹೆಚ್ಚು ನಿಮ್ಮಿಂದ ಆಗುತ್ತಿಲ್ಲ.

ಅಪಘಾತದಲ್ಲಿ ಬಿದ್ದವರನ್ನು ಎತ್ತಿದರೆ ಕೋರ್ಟು-ಠಾಣೆ ಅಲೆಯಬೇಕಾದೀತೆಂದು ಜನ ಹಿಂಜರಿಯುತ್ತಿದ್ದ ಕಾಲವೊಂದಿತ್ತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಯಡಿ ಸಿಕ್ಕಿ ದೇಹ ಎರಡಾದ ಹರೀಶ್ ನಂಜಪ್ಪ ಎಂಬ ಯುವಕ, ತನ್ನ ಅಂಗಾಂಗಗಳನ್ನು ಯಾರಿಗಾದರೂ ಕೊಡಿ ಎಂದು ಬೇಡಿಕೊಂಡು ತೀರಿಕೊಂಡರು. ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ ರಾಜ್ಯ ಸರಕಾರ ತಂದ ಯೋಜನೆಗೆ ಅವರ ಹೆಸರನ್ನೇ ಇಟ್ಟರು. ಅದೇ ವರ್ಷದ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಯಿತು. ಈ ಅಕ್ಕ ತಮ್ಮ ಹೆಸರನ್ನು ಯಾರಿಗೂ ಹೇಳಬೇಕಾಗಿಲ್ಲ.

ನೀವು ಹೇಳಬೇಕು. ಗುಂಪಿನಿಂದ ಪ್ರಶ್ನೆ ಬಂದೇ ಬಂತು: "ಗಾಡಿ ಬಿಟ್ಟದ್ದು ಯಾರು?"

ಅಷ್ಟರಲ್ಲಿ ಭಾವನ ಫೋನು. ಕೇಳಿದ ಕೂಡಲೇ ಅವರ ದನಿ ತಗ್ಗುತ್ತದೆ. "ನಿನಗೆ ಪೆಟ್ಟಾಗಿಲ್ಲ ಅಲ್ವಾ? ಸರಿ. ನೀನು ಅಲ್ಲಿ ನಿಲ್ಬೇಡ. ನಮ್ಮ ಡ್ರೈವರನ್ನು ಕಳಿಸ್ತೇನೆ, ಅವನೇ ಬಿಡ್ತಿದ್ದದ್ದು ಅಂತ ಹೇಳುವ. ಅವನಿಗೆ ಎಂತಾದ್ರೂ ಕೊಡುವ."

ಇಡೀ ಸಂಜೆಯಲ್ಲಿ ನಿಜವಾಗಿ ಹಿಡಿತ ತಪ್ಪಬಹುದಾದ ಜಾಗ ಇದು. ನೀರಿನ ಮೇಲೆ ನಿಮಗೆ ಆಯ್ಕೆ ಇರಲಿಲ್ಲ, ಒಂದೂವರೆ ಸೆಕೆಂಡಿನಲ್ಲಿ ಯಾರಿಗೂ ಇರುವುದಿಲ್ಲ. ಇಲ್ಲಿ ಇದೆ. ಭಾವ ಕೆಟ್ಟವರಲ್ಲ, ಅಕ್ಕನ ಗಂಡ, ನಿಮ್ಮ ಮೇಲಿನ ಮಮತೆಯಿಂದಲೇ ಹೇಳುತ್ತಿದ್ದಾರೆ. ಆ ಮಮತೆಯ ಬೆಲೆಯನ್ನು ಸಂಬಳಕ್ಕಿರುವ ಒಬ್ಬ ಹುಡುಗ ತೆರಬೇಕು, ಅವನ ಲೈಸೆನ್ಸೇ ಅವನ ಅನ್ನವಾಗಿರುವಾಗ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದಾಗ ದೇಶ ಕುದಿದದ್ದು ಅಪಘಾತಕ್ಕಷ್ಟೇ ಅಲ್ಲ. ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಜಾಮೀನು, ರಕ್ತದ ಮಾದರಿಯನ್ನು ಬದಲಿಸಿದ ಆರೋಪ, ತಪ್ಪು ಹೊರುವಂತೆ ಮನೆಯ ಡ್ರೈವರನ್ನು ಒತ್ತಾಯಿಸಿದ ಆರೋಪ. ಕಾರು ಗುದ್ದಿದ್ದು ಒಂದು ಸಲ. ಆಮೇಲಿನದನ್ನು ಮನುಷ್ಯರು ಕೂತು ಯೋಚಿಸಿ ಮಾಡಿದರು.

"ಇಲ್ಲ ಭಾವ. ನಾನೇ ಬಿಟ್ಟದ್ದು. ಹತ್ತು ಜನ ನೋಡಿದ್ದಾರೆ. ನೋಡದಿದ್ರೂ ನಾನೇ."

ಫೋನು ಇಟ್ಟು, ಗುಂಪಿಗೂ ಅದನ್ನೇ ಹೇಳುತ್ತೀರಿ. ಒಬ್ಬ ಕೈ ಎತ್ತಿಕೊಂಡೇ ಬರುತ್ತಾನೆ. ರಿಕ್ಷಾದವರು ನಡುವೆ ನಿಲ್ಲುತ್ತಾರೆ. 112ಕ್ಕೆ ನೀವೇ ಕರೆ ಮಾಡುತ್ತೀರಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು 134ನೇ ಕಲಮು ಹೇಳುತ್ತದೆ. ಓಡಿಹೋಗಿ ತಿಳಿಸದಿದ್ದವರಿಗೆ, ಗಾಯಾಳು ಸತ್ತರೆ, ಹತ್ತು ವರ್ಷದ ತನಕ ಶಿಕ್ಷೆ ಎನ್ನುವ ಹೊಸ ನ್ಯಾಯಸಂಹಿತೆಯ 106(2)ನ್ನು, 2024ರ ಜನವರಿಯ ಲಾರಿ ಮುಷ್ಕರದ ನಂತರ, ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ತಡೆಹಿಡಿದರು. ಆ ಭಯದಿಂದಲ್ಲ ನೀವು ನಿಂತದ್ದು, ಇರಲಿ.

ಆಮೇಲಿನ ಕೆಲಸಗಳು ಬೇಗ ನಡೆಯುತ್ತವೆ. ಆಂಬುಲೆನ್ಸ್ ಮಂಗಳೂರಿಗೆ. ಸಂಚಾರ ಪೊಲೀಸರು ಊದಿಸಿ ನೋಡುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತೆಗೆಸುತ್ತಾರೆ. ಮೆಲ್ಕಾರಿನ ಠಾಣೆಯಲ್ಲಿ ಎಫ್‌ಐಆರ್: ಅಜಾಗರೂಕ ಚಾಲನೆಗೆ ನ್ಯಾಯಸಂಹಿತೆಯ 281, ತೀವ್ರ ಗಾಯಕ್ಕೆ 125(ಬಿ). ಎರಡೂ ಜಾಮೀನು ಸಿಗುವವು. ಆಸ್ಪತ್ರೆಯ ಕೌಂಟರಿನಲ್ಲಿ, 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಯೋಜನೆಯ ಬಗ್ಗೆ ಕೇಳಿ ಬರೆಸುತ್ತೀರಿ. ಏಳು ದಿನದ ತನಕ, ಒಂದೂವರೆ ಲಕ್ಷದ ಮಿತಿ. ಮರುದಿನ ಸ್ಥಳ ಮಹಜರು. ಟೇಪು ಹಿಡಿದು ಅಳೆಯುವಾಗ ಡಾಮರಿನ ಮೇಲೆ ಟೈರಿನ ಗುರುತೇ ಇಲ್ಲ; ನೀರಿನ ಮೇಲೆ ಜಾರಿದ ಟೈರು ಗುರುತು ಬಿಡುವುದಿಲ್ಲ, ಬಿಟ್ಟಷ್ಟನ್ನು ರಾತ್ರಿಯ ಮಳೆ ತೊಳೆದಿದೆ.

ಗುರುತು ಸಿಕ್ಕಿದ್ದು ಟೈರಿನಲ್ಲೇ. ಕಾರನ್ನು ಪರೀಕ್ಷಿಸಲು ಬಂದ ಮೋಟಾರು ವಾಹನ ನಿರೀಕ್ಷಕರು ಕುಕ್ಕರಗಾಲಲ್ಲಿ ಕೂತು, ಹಿಂದಿನ ಟೈರಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ನಿಮ್ಮನ್ನು ಹತ್ತಿರ ಕರೆಯುತ್ತಾರೆ. ಪಕ್ಕದ ರಬ್ಬರಿನ ಮೇಲೆ ಒಂದು ಚಿಕ್ಕ ದೀರ್ಘವೃತ್ತ, ಅದರೊಳಗೆ ನಾಲ್ಕು ಅಂಕೆ: 2316. 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಗೀರುಗಳ ಆಳ ಕಾನೂನಿನ 1.6 ಮಿ.ಮೀ.ಗಿಂತ ಹೆಚ್ಚೇ ಇದೆ, ಏಕೆಂದರೆ ಓಡಿದ್ದು ಕಡಿಮೆ. ಆದರೆ ಉಗುರಿನಿಂದ ಒತ್ತಿದರೆ ರಬ್ಬರು ಕಲ್ಲು, ಗೀರುಗಳ ತಳದಲ್ಲಿ ಕೂದಲೆಳೆಯ ಬಿರುಕು. ಓಡದೆ ನಿಂತ ಕಾರಿನ ಟೈರೂ ಮುದಿಯಾಗುತ್ತದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಸತ್ತ ಪೋರ್ಷೆ ಕರೇರಾ ಜಿಟಿಯಲ್ಲೂ ತನಿಖೆಯವರು ಕಂಡದ್ದು ಎರಡು: ಅತಿವೇಗ, ಮತ್ತು ಒಂಬತ್ತು ವರ್ಷ ಹಳೆಯ ಟೈರು. ಕರಾವಳಿಯ ಎಷ್ಟು ಶೆಡ್ಡುಗಳಲ್ಲಿ ಹೀಗೆ ಹೊಳೆಯುವ ಕಾರುಗಳು ಗಟ್ಟಿಯಾದ ಟೈರಿನ ಮೇಲೆ ನಿಂತಿವೆಯೋ. ಆ ನಾಲ್ಕು ಅಂಕೆಯನ್ನು ಓದಲು ಅರ್ಧ ನಿಮಿಷ ಬೇಡ.

ಕಾರಿನ ಕಥೆ ಅಲ್ಲಿಗೆ ಮುಗಿಯುತ್ತದೆ. ವಿಮೆ, ಸರ್ವೇಯರ್, ಫ್ಲ್ಯಾಟ್‌ಬೆಡ್ ಲಾರಿ, ಭಾವನ ಮೌನ. ಅವೆಲ್ಲ ಹಣದಲ್ಲಿ ತೀರುವಂಥವು. ತೀರದಿರುವುದು ಆ ಎಡಗಾಲು. ಮೂಳೆಗೆ ರಾಡು ಹಾಕಿದ್ದಾರೆ. ಪರಿಹಾರದ ಪ್ರಕರಣ ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದಿದೆ. ಅಲ್ಲಿ ವೈದ್ಯರು ಅಂಗವೈಕಲ್ಯದ ಶೇಕಡಾವಾರು ಬರೆದುಕೊಡುತ್ತಾರೆ. ಆ ಅಂಕಿಯೇ ದುಡಿಮೆಯ ನಷ್ಟವಲ್ಲ ಎಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ: ಎಡಗೈ ಹೋದ ಬಡಗಿಗೆ ದುಡಿಮೆ ಪೂರ್ತಿ ಹೋದ ಹಾಗೆ, ಗುಮಾಸ್ತನಿಗೆ ಹಾಗಲ್ಲ. ಅಡಿಕೆ ಮರದ ತುದಿಯಲ್ಲಿ ಕಾಲುಗಳನ್ನೇ ನಂಬಿ ನಿಂತು ಗೊನೆಗೆ ಮದ್ದು ಬಿಡುವವರಿಗೆ ಮೊಣಕಾಲಿನ ಕೆಳಗೆ ಸಣ್ಣ ಸೊಟ್ಟವೂ ಸಣ್ಣದಲ್ಲ. ಈಗ ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಬಿಡಬಹುದಲ್ಲ ಎಂದು ವಿಮೆಯವರ ವಕೀಲರು ಕೇಳಿಯೇ ಕೇಳುತ್ತಾರೆ. ಇಳಿಜಾರಿನ ತೋಟದಲ್ಲಿ, ಒದ್ದೆ ನೆಲದಲ್ಲಿ, ಆ ಉದ್ದದ ದೋಟಿಯನ್ನು ಎತ್ತಿ ಹಿಡಿಯಲು ಬೇಕಾಗುವುದೂ ಎರಡು ಗಟ್ಟಿ ಕಾಲುಗಳೇ.

ಅವರ ಮನೆಗೆ ನೀವು ಹೋದಾಗ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾರೆ. "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ, ಬೆಲ್ಲ-ನೀರು ಬರುತ್ತದೆ. ಬೈದಿದ್ದರೆ ಸುಲಭವಿತ್ತು. ಅವರ ಚಿಂತೆ ಬೇರೆ: ಒಪ್ಪಿಕೊಂಡಿದ್ದ ನಾಲ್ಕಾರು ತೋಟಗಳಿಗೆ ಮೊದಲನೇ ಮದ್ದೇ ಆಗಿಲ್ಲ. ಮಳೆ ಹೀಗೇ ಹಿಡಿದರೆ ಕೊಳೆರೋಗ ಬರುತ್ತದೆ, ಮಿಡಿ ಉದುರುತ್ತದೆ. ನಂಬಿದವರಿಗೆ ಏನು ಹೇಳುವುದು?

"ಬೇರೆ ಯಾರಾದ್ರೂ ಬರ್ತಾರಾ ಅಣ್ಣ?"

ಅವರು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ನಂಬರುಗಳನ್ನು ತೋರಿಸುತ್ತಾರೆ. ಈ ದಿನಗಳಲ್ಲಿ ಮದ್ದು ಬಿಡುವವರು ಯಾರೂ ಖಾಲಿ ಇರುವುದಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ, ಯಾರ ಪರವಾಗಿ ಕೇಳುತ್ತಿದ್ದೇನೆ, ನಾನು ಯಾರು ಎಂದು ಹೇಳುತ್ತೀರಿ. ಕೊನೆಗೆ ಮಡಂತ್ಯಾರಿನ ಕಡೆಯ ಒಬ್ಬರು ಒಪ್ಪುತ್ತಾರೆ: ಮಳೆ ಬಿಟ್ಟ ದಿನ ಬರುತ್ತೇನೆ, ಮೈಲುತುತ್ತು-ಸುಣ್ಣ ತಂದಿಟ್ಟಿರಬೇಕು, ಕರೆದುಕೊಂಡು ಹೋಗಲು ಗಾಡಿ ಬೇಕು. ನಿಮ್ಮ ಲೈಸೆನ್ಸು ಪೊಲೀಸರ ಕಡತದ ಜತೆ ಸಾರಿಗೆ ಕಚೇರಿಗೆ ಹೋಗಿದೆ. ಅವತ್ತಿನ ರಿಕ್ಷಾದವರ ನಂಬರು ಹುಡುಕುತ್ತೀರಿ.