ಬಸ್ಸಾರಿನ ತಿಳಿ, ಬಸ್ಸಾರಿನ ಕಾಳು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಒಂದು ವಿಷಯ ಹೊಳೆಯದೆ ಇರಲಾರದು. ಆ ಹುಳು ಹುಟ್ಟಿದಂದಿನಿಂದ ತಿನ್ನುವುದು ಹಿಪ್ಪುನೇರಳೆಯ ಸೊಪ್ಪೊಂದನ್ನೇ. ನೂಲುವ ಎಳೆಯಾದರೋ ಸಸಾರಜನಕದ್ದು. ಸಸ್ಯಾಹಾರದಲ್ಲಿ ಸತ್ವವೆಲ್ಲಿಂದ ಬಂತು ಎಂದು ಕೇಳುವ ಮಿತ್ರರಿಗೆ ನಾನು ಈ ಹುಳುವನ್ನೇ ತೋರಿಸುತ್ತೇನೆ. ಆದರೆ ಹುಳುವಿನಂತೆ ಹಗಲಿರುಳೂ ಮೇಯುವ ಶಕ್ತಿ ಮನುಷ್ಯನಿಗೆಲ್ಲಿ? ಅದರಲ್ಲಿಯೂ ವಯಸ್ಸಾದ ಮನುಷ್ಯನಿಗೆ?

ಮಾಗಡಿಯ ಸೀಮೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಬಾಳಿದ ನನ್ನ ತಾಯಿಯವರು, ಅರವತ್ತೆಂಟರ ಈ ವಯಸ್ಸಿನಲ್ಲಿ, ಊಟದ ಮಣೆಯಿಂದ ಏಳಲು ಗೋಡೆಯ ಆಸರೆ ಹುಡುಕತೊಡಗಿದರು. ಕೈತೋಳಿನ ಬಳೆಗಳು ಸಡಿಲವಾದವು. "ವಯಸ್ಸಾಯ್ತು ಕಣಪ್ಪ, ಬಾಯಿ ಕಟ್ಟಬೇಕು" ಎಂಬುದು ಅವರ ಸಮಾಧಾನ. ಮನೆಯವರೆಲ್ಲರೂ ತಲೆದೂಗಿದೆವು, ಹಿರಿಯರ ಮಿತಾಹಾರವನ್ನು ಹೊಗಳುವುದು ನಮ್ಮಲ್ಲಿ ವಾಡಿಕೆ.

ಅವರ ತಟ್ಟೆಯನ್ನು ಒಂದು ವಾರ ಗಮನಿಸಿದೆ. ಬಸ್ಸಾರಿನ ದಿನ ಕಾಳು ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರಷ್ಟೆ. ಕಟ್ಟಿನಿಂದ ಸಾರು, ಉಳಿದುದರಿಂದ ಪಲ್ಯ. ಸಾರು ತಾಯಿಯವರಿಗೆ, ಪಲ್ಯ ಮಕ್ಕಳಿಗೆ! ಹಲ್ಲಿಲ್ಲ, ಕಾಳು ವಾಯು ಎಂಬ ಕಾರಣ. ಮುದ್ದೆಯನ್ನಂತೂ ಅಗಿಯುವ ಪ್ರಶ್ನೆಯೇ ಇಲ್ಲ, ನುಂಗಿದರಾಯಿತು. ಕಟ್ಟಿನಲ್ಲಿ ರುಚಿಯುಂಟು, ಸಸಾರಜನಕದ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲಿ.

ಕನಕದಾಸರ ರಾಮಧಾನ್ಯ ಚರಿತೆಯನ್ನು ತರಗತಿಯಲ್ಲಿ ಪಾಠ ಹೇಳುವ ನಾನು ರಾಗಿಯ ಪಕ್ಷಪಾತಿ. ಆದರೆ ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದುದಕ್ಕೆ ರಾಮನು ರಾಗಿಯನ್ನು ಮೆಚ್ಚಿದನೇ ಹೊರತು ಸಸಾರಜನಕವನ್ನು ಅಳೆದಲ್ಲ. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 7 ಗ್ರಾಂ. ಅಷ್ಟೇ ಹುರುಳಿಯಲ್ಲಿ 22ರ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನವೂ 0.83 ಗ್ರಾಂ ಎಂದು ಹೇಳಿತು. ಐವತ್ತು ಕಿಲೋ ತೂಗುವ ತಾಯಿಗೆ 41 ಗ್ರಾಂ ಮೀರಿತು. ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂಬುದು ಮುಪ್ಪಿನ ಪೋಷಣೆಯನ್ನು ಅಭ್ಯಸಿಸಿದ ಅನೇಕ ತಜ್ಞರ ಮತ. ಏಕೆಂದರೆ ಮುಪ್ಪಿನಲ್ಲಿ ಸ್ನಾಯು ಕರಗುತ್ತದೆ. ಉಂಡ ಸಸಾರಜನಕವನ್ನು ಸ್ನಾಯುವಾಗಿಸಿಕೊಳ್ಳುವ ಚುರುಕೂ ಕುಗ್ಗುತ್ತದೆ. ಹಸಿವು ಕುಗ್ಗುವ ಕಾಲಕ್ಕೇ ಬೇಡಿಕೆ ಏರುವುದು ವಿಧಿಯ ವಿನೋದವೇ ಸರಿ. ಎರಡು ಮುದ್ದೆ, ಒಂದು ಬಟ್ಟಲು ತಿಳಿಸಾರು ಈ ಲೆಕ್ಕವನ್ನು ಹೇಗೆ ತುಂಬಿಸೀತು?

ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಮುದ್ದೆಗೆ ಕಾಳನ್ನು ಜೊತೆಮಾಡಿದ ಕನಕಪುರ, ಚನ್ನಪಟ್ಟಣದ ಅಜ್ಜಿಯರು ಈ ಹೆಸರುಗಳನ್ನು ಕೇಳಿದವರಲ್ಲ. ಜೊತೆ ಮುರಿದವರು ಪೇಟೆ ಸೇರಿದ ನಾವು, ಡಬ್ಬಿಯ ಪುಡಿಗೆ ದುಬಾರಿ ಬೆಲೆ ತೆರುವವರು.

ತಾಯಿಯವರೊಡನೆ ಜಗಳವೇ ಆಯಿತು. "ಹೊಟ್ಟೆ ಉಬ್ಬರಿಸಿದರೆ ರಾತ್ರಿಯೆಲ್ಲ ನೀನು ಕೂತಿರ್ತೀಯಾ?" ಎಂದರು. ನ್ಯಾಯವಾದ ಪ್ರಶ್ನೆ. ಹುರುಳಿಯನ್ನು ರಾತ್ರಿ ನೆನೆಸಿ ನೀರು ಚೆಲ್ಲಿ, ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ ರುಬ್ಬಿದೆವು. ಮೊದಲು ಎರಡೇ ಚಮಚ. ಬೆಳಿಗ್ಗೆಯ ರಾಗಿ ಅಂಬಲಿಗೆ ಹುರಿಗಡಲೆಯ ಪುಡಿ, ಸಂಜೆಗೆ ಕಡಲೆಕಾಯಿಬೀಜದ ಚಟ್ನಿ. ಒಂದೇ ಹೊತ್ತಿಗೆ ತುರುಕದೆ ಮೂರು ಹೊತ್ತಿಗೂ ಹಂಚಿದೆವು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ನಾವೂ ಕೇಳಿಯೇ ತೊಡಗಿದೆವು. ಉಣ್ಣುವುದರಷ್ಟೇ ದುಡಿಸುವುದೂ ಸ್ನಾಯುವಿಗೆ ಬೇಕಾದ್ದರಿಂದ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವ ಕಸರತ್ತೂ ಸೇರಿತು. ಮೊಮ್ಮಗಳು ಎಣಿಸುತ್ತಾಳೆ, ಅಜ್ಜಿ ಎಂಟಕ್ಕೇ ಹತ್ತೆನ್ನುತ್ತಾರೆ.

ಪುಷ್ಯದ ಚಳಿಗೆ ಮಾಗಡಿಯ ಸೊಗಡಿನ ಅವರೆ ಬರುತ್ತದೆ. ಸಿಪ್ಪೆ ಹಿತುಕಿದ ಬೇಳೆ ಹಲ್ಲಿಲ್ಲದ ಬಾಯಿಗೂ ಬೆಣ್ಣೆಯಂತಿರುತ್ತದೆ. ಹಿತುಕುವ ಕೆಲಸವನ್ನು ಮಾತ್ರ ಯಾರಿಗೂ ಬಿಡುವುದಿಲ್ಲವೆಂದು ತಾಯಿಯವರು ಈಗಲೇ ಹೇಳಿದ್ದಾರೆ.