ಒಬ್ಬರ ಹೆಸರಿಗೆ ಬಂದ ಕಾಗದ

ವಿದೇಶದಲ್ಲಿ ನೌಕರಿ ಸಿಕ್ಕಿತು ಎಂದರೆ ನಮ್ಮ ಮಂದಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡ್ತಾರ?" ಎರಡನೆಯದು "ಯಾವಾಗ ಹೊರಡ್ತೀರಿ?" ಇವೆರಡರ ನಡುವೆ "ಹೋಗ್ತೀರೇನು?" ಎಂಬ ಇನ್ನೊಂದು ಪ್ರಶ್ನೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. 2025ರ ಅಕ್ಟೋಬರಿನಲ್ಲಿ, ದೀಪಾವಳಿಯ ಹಿಂದಿನ ವಾರ, ನಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಕಂಪನಿಯೊಂದರಿಂದ ನೌಕರಿಯ ಕಾಗದ ಬಂತು. ಪುಣೆಯ ಬಳಗದವರು, ಧಾರವಾಡದ ತವರಿನವರು, ಸೊಸೈಟಿಯ ಮರಾಠಿ ನೆರೆಹೊರೆಯವರು, ಎಲ್ಲರೂ ಕೇಳಿದ್ದು ಆ ಎರಡೇ ಪ್ರಶ್ನೆ. ಉತ್ತರ ತಿಳಿಸಲು ಕಂಪನಿಯವರು ಕೊಟ್ಟ ಅವಧಿ ಮೂರು ವಾರ. ಆ ಮೂರು ವಾರಗಳ ವಿಚಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾಗದ ಕೈಯಲ್ಲಿ ಹಿಡಿದು ಕುಳಿತ ಜೋಡಿಗಳು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆಂದು ಬಲ್ಲೆ. ಅವರಿಗೆ ನಮ್ಮ ಲೆಕ್ಕವಾದರೂ ಉಪಯೋಗಕ್ಕೆ ಬಂದೀತು.

ಯಜಮಾನರು ವಿಜಯಪುರದವರು, ಮೆಕ್ಯಾನಿಕಲ್ ಇಂಜಿನಿಯರು. ಚಿಂಚವಡದ ಕಡೆಗೆ ಒಂದು ಕಾರಖಾನೆಯಲ್ಲಿ ಗೇರ್‌ಬಾಕ್ಸ್ ನಕಾಶೆಯ ಕೆಲಸ. ನಾನು ಧಾರವಾಡದವಳು, ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಪುಣೆಗೆ ಬಂದೆ. ಹನ್ನೊಂದು ವರ್ಷದಿಂದ ಇಲ್ಲಿಯ ಒಂದು ದವಾಖಾನೆಯಲ್ಲಿ ಫಿಜಿಯೋಥೆರಪಿಸ್ಟ್. ಮನೆಯಲ್ಲಿ ಎಪ್ಪತ್ತೆರಡರ ಅತ್ತೆಯವರು, ಮೂರನೆಯ ಇಯತ್ತೆಯಲ್ಲಿ ಓದುವ ಮಗಳು.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಕಾಗದದಲ್ಲಿದ್ದುದು ವರ್ಷಕ್ಕೆ 62,000 ಯೂರೋ. ಆಗ ಯೂರೋ ಒಂದಕ್ಕೆ ನೂರು ರೂಪಾಯಿಗೂ ತುಸು ಹೆಚ್ಚು. "ಅರವತ್ತೆರಡು ಲಕ್ಷ!" ಎಂದು ನನ್ನ ತಮ್ಮ ಫೋನಿನಲ್ಲಿಯೇ ಕುಣಿದ. ಯಜಮಾನರು ಒಂದು ಹಳೆಯ ಡೈರಿ ತೆಗೆದುಕೊಂಡು ಕುಳಿತರು. ಪಿಂಚಣಿಗೆ ಸಂಬಳದ ನೂರಕ್ಕೆ 9.3, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಮುಪ್ಪಿನ ಆರೈಕೆಯ ವಿಮೆ, ಮೇಲೆ ಆದಾಯ ತೆರಿಗೆ. ಎಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 3,600 ಯೂರೋ. ಜಾಹೀರಾತುಗಳಲ್ಲಿ ನಮಗೆ ಸಾಲುವಂಥ ಮನೆಯ ಬಾಡಿಗೆ, ಚಳಿಗಾಲದ ಶಾಖದ ಖರ್ಚು ಸೇರಿ, 1,500ರ ಆಸುಪಾಸು ಇತ್ತು. ನನ್ನ ಸಂಬಳ ನಿಲ್ಲುತ್ತದೆ. ಇನ್ನೊಂದು ಪಕ್ಕದಲ್ಲಿ ಬರೆದದ್ದು: ಮಗಳಿಗೆ ಶಾಲೆಯ ಫೀ ಇಲ್ಲ, ದುಡಿಯದ ಹೆಂಡತಿ, ಮಗು ಇಬ್ಬರಿಗೂ ಗಂಡನ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಪುಕ್ಕಟೆ ರಕ್ಷಣೆ, ಮಗುವಿನ ಲೆಕ್ಕದಲ್ಲಿ ಸರ್ಕಾರ ತಿಂಗಳಿಗೆ ಕೊಡುವ ಹಣ, 2025ರಲ್ಲಿ 255 ಯೂರೋ. ಭಾರತ-ಜರ್ಮನಿಗಳ ನಡುವೆ 2017ರಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿರುವುದರಿಂದ ಅಲ್ಲಿ ಕಟ್ಟಿದ ಪಿಂಚಣಿ ನೀರಿನಲ್ಲಿ ಹೋಮವಾಗುವುದಿಲ್ಲ. ಒಟ್ಟಿನಲ್ಲಿ ಇಲ್ಲಿ ಇಬ್ಬರೂ ದುಡಿದು ಉಳಿಸುವುದಕ್ಕಿಂತ ಅಲ್ಲಿ ಒಬ್ಬರು ದುಡಿದು ಉಳಿಸುವುದು ಹೆಚ್ಚೇ. ಆದರೆ ನನ್ನ ತಮ್ಮ ಕುಣಿದಷ್ಟಲ್ಲ.

ಈ ಲೆಕ್ಕದಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಆ 3,600ರ ಅಂಕಿ ಬರುವುದು ಹೆಂಡತಿ ಮನೆಯಲ್ಲಿ ಕುಳಿತರೆ. ಅಲ್ಲಿಯ ತೆರಿಗೆಯಲ್ಲಿ ಗಂಡಹೆಂಡಿರಿಗೆ ಬೇರೆ ಬೇರೆ ವರ್ಗಗಳಿವೆ; ಒಬ್ಬರೇ ದುಡಿದರೆ ಅವರ ಸಂಬಳದಿಂದ ತಿಂಗಳು ತಿಂಗಳು ಹಿಡಿಯುವ ತೆರಿಗೆ ಇಳಿಯುತ್ತದೆ. ಡೈರಿಯ ಆ ಸಾಲಿನ ಮುಂದೆ ನಾನು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಯಜಮಾನರು ಏನೂ ಅನ್ನಲಿಲ್ಲ.

ವೀಸಾದ ಭಾಷೆಯಲ್ಲಿ ನೌಕರಿ ಸಿಕ್ಕವರು ಮುಖ್ಯ ಅರ್ಜಿದಾರರು, ಉಳಿದವರು ಅವಲಂಬಿತರು. ಹನ್ನೊಂದು ವರ್ಷ ಸ್ವಂತ ಸಂಬಳ ತಂದವಳಿಗೆ ಈ ಶಬ್ದ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ (ನಾವು ಮೀನು ತಿನ್ನುವವರಲ್ಲ, ಮಾತಿಗೆ ಹೇಳಿದೆ). ಇದರಲ್ಲಿ ದೇಶ ದೇಶಕ್ಕೂ ವ್ಯತ್ಯಾಸವಿದೆ. ನನ್ನ ಕಾಲೇಜಿನ ಗೆಳತಿಯೊಬ್ಬಳು ಗಂಡನ ಎಚ್-1ಬಿ ಬೆನ್ನಿಗೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದಳು. ಆ ವೀಸಾದವರಿಗೆ 2015ರವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಆ ವರ್ಷದ ಮೇ ತಿಂಗಳಿಂದ ಸಿಕ್ಕಿದ್ದೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ ಮೇಲೆಯೇ. ಅವಳು ಆರು ವರ್ಷ ಮನೆಯಲ್ಲಿ ಕುಳಿತಳು. ಸಿಂಗಪುರದಲ್ಲಿ ಮೊದಲು ಸುಲಭವಿತ್ತು. 2021ರ ಮೇ ತಿಂಗಳಿಂದ ಅವಲಂಬಿತರು ನೌಕರಿ ಮಾಡಬೇಕಾದರೆ ತಮ್ಮದೇ ಪರವಾನಗಿ ಪಡೆಯಬೇಕು. ಜರ್ಮನಿಯ ಬ್ಲೂ ಕಾರ್ಡ್ ಈ ವಿಷಯದಲ್ಲಿ ಉದಾರಿ. ಜೊತೆಗೆ ಬಂದವರು ಮೊದಲ ದಿನದಿಂದಲೇ ದುಡಿಯಬಹುದು. ಹೊರಡುವ ಮುಂಚೆ ಜರ್ಮನ್ ಭಾಷೆಯ ಪರೀಕ್ಷೆ ಕೊಡಬೇಕೆಂಬ ಕಟ್ಟೂ ಇಲ್ಲ.

"ಮತ್ತೇನು, ನಿನಗೂ ರಸ್ತಾ ಖುಲ್ಲಾ ಅದ," ಎಂದರು ಯಜಮಾನರು.

ರಸ್ತೆ ಖುಲ್ಲಾ ಇತ್ತು ನಿಜ, ಆದರೆ ನನ್ನ ವೃತ್ತಿಗಲ್ಲ. ಅಲ್ಲಿ ಫಿಜಿಯೋಥೆರಪಿಸ್ಟ್ ಎಂಬ ಹೆಸರು ಹಾಕಿಕೊಳ್ಳಲೂ ಸರ್ಕಾರದ ಅಪ್ಪಣೆ ಬೇಕು. ನಮ್ಮ ಪದವಿಯ ಪಠ್ಯ, ತಾಸುಗಳ ಲೆಕ್ಕ, ಅನುಭವದ ಪತ್ರ ಎಲ್ಲವನ್ನೂ ಅಧಿಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ ಆ ರಾಜ್ಯದ ಕಚೇರಿಗೆ ಕಳಿಸಬೇಕು. ಅವರು ತಮ್ಮ ಶಿಕ್ಷಣದ ಜೊತೆ ಹೋಲಿಸಿ ನೋಡುತ್ತಾರೆ. ಕೊರತೆ ಕಂಡರೆ ಪೂರಕ ತರಬೇತಿ, ಇಲ್ಲವೇ ಪರೀಕ್ಷೆ. ಅಲ್ಲಿ ಈ ವಿದ್ಯೆ ಬಹುತೇಕ ಮೂರು ವರ್ಷದ ವೃತ್ತಿಶಾಲೆಯ ಕಲಿಕೆ, ನಾನು ನಾಲ್ಕೂವರೆ ವರ್ಷ ಓದಿದವಳು. ಆದರೂ ಹೋಲಿಸಿ ನೋಡುವವರು ಅವರು. ಇದೆಲ್ಲಕ್ಕಿಂತ ದೊಡ್ಡದು ಭಾಷೆ. ಬಿ-2 ಎಂಬ ಮಟ್ಟದ ಜರ್ಮನ್ ಬೇಕು. ಸೊನ್ನೆಯಿಂದ ಹೊರಟವರಿಗೆ ಎ-1, ಎ-2, ಬಿ-1 ದಾಟಿದ ಮೇಲೆ ಬರುವ ಮೆಟ್ಟಿಲು ಅದು.

ಭಾಷೆ ಬೇಕೆಂಬ ಅವರ ಕಟ್ಟು ತಪ್ಪೆಂದು ನಾನು ಹೇಳಲಾರೆ. ನನ್ನ ಕೆಲಸ ಅರ್ಧ ಕೈಯದು, ಅರ್ಧ ಕಿವಿಯದು. ಪುಣೆಗೆ ಬಂದಾಗ ನನ್ನ ಮರಾಠಿ ಧಾರವಾಡದ ಪೇಟೆಯ ಮರಾಠಿ. "ಕುಠೇ ದುಖತಂಯ?" ಎಂದು ಕೇಳಲು ಒಂದೇ ದಿನ ಸಾಕಾಯಿತು, ಬಂದ ಉತ್ತರ ತಿಳಿಯಲು ಒಂದು ವರ್ಷ ಹಿಡಿಯಿತು. ನಮ್ಮ ಕಡೆಯವರು "ಚಳಕು ಹಿಡದದ" ಅನ್ನುವುದಕ್ಕೆ ಇಲ್ಲಿಯವರು "ಚಮಕ" ಅನ್ನುತ್ತಾರೆ. ಮೊದಲ ತಿಂಗಳಲ್ಲಿ ಅಜ್ಜಿಯೊಬ್ಬರು "ಪಾಯಾಲಾ ಮುಂಗ್ಯಾ ಯೇತಾತ್" ಎಂದಾಗ ನಾನು ಹಾಸಿಗೆಯ ಮೇಲೆ ಇರುವೆ ಹುಡುಕಿದ್ದುಂಟು. ಕಾಲು ಜುಮು ಜುಮು ಅನ್ನುತ್ತದೆ ಎಂದು ಅವರ ಮಾತಿನ ಅರ್ಥ. ನೋವಿನ ಬಣ್ಣ ತಿಳಿಯದೆ ಕೈ ಹಚ್ಚುವುದು ಅಪಾಯ. ಈ ಊರಿನ ಬೆನ್ನು, ಭುಜ, ಮೊಣಕಾಲುಗಳ ಭಾಷೆ ಕಲಿತು ಈಗ ನಾಲ್ಕು ಮಂದಿ ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ. ನಲವತ್ತರ ಹತ್ತಿರ ಬಂದಾಗ ಇದನ್ನೆಲ್ಲ ಮತ್ತೆ ಮೊದಲಿನಿಂದ ಶುರು ಮಾಡುವುದೇ?

ಆ ದಿನಗಳಲ್ಲಿ ನನಗೆ ಕಿಟೆಲ್ಲರ ನೆನಪಾಗುತ್ತಿತ್ತು. ಧಾರವಾಡದಲ್ಲಿ ಬೆಳೆದವರಿಗೆ ಆ ಹೆಸರು ಕಾಲೇಜಿನ ಫಲಕದಿಂದಲೇ ಪರಿಚಯ. ಜರ್ಮನಿಯಿಂದ ಬಂದು, ನಮ್ಮ ಭಾಷೆ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು. ಅವರು ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್, ಸ್ಟುಟ್‌ಗಾರ್ಟ್‌ಗೆ ಬಹಳ ದೂರವಿಲ್ಲ. ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಕೂಡ ಅದೇ ಸೀಮೆಯವರು. "ನೋಡು, ಅವರು ಅಲ್ಲಿಂದ ಇಲ್ಲಿಗೆ ಬಂದು ನಿಘಂಟು ಬರದ್ರು, ನಿನಗ ಬಿ-2 ಹೆಚ್ಚೇನು?" ಎಂದು ಅಪ್ಪ ಧಾರವಾಡದಿಂದ ಹುರಿದುಂಬಿಸಿದರು. ನನ್ನ ಯೋಚನೆ ಬೇರೆ ದಾರಿ ಹಿಡಿದಿತ್ತು. ಕಿಟೆಲ್ಲರ ಮೊದಲ ಹೆಂಡತಿ ಪೌಲಿನ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಅವರು ಆಕೆಯ ಸಹೋದರಿಯನ್ನು ಮದುವೆಯಾದರು. ನಿಘಂಟಿನ ಮೇಲೆ ಇರುವುದು ಒಂದೇ ಹೆಸರು. ಜೊತೆಗೆ ಬಾಳಿದವರು ಇಲ್ಲಿಯ ಬಿಸಿಲಿನಲ್ಲಿ ದಿನ ಹೇಗೆ ಕಳೆದರೆಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಮನೆಯಲ್ಲಿ ಮಾತು ಮುಂದೆ ಸಾಗುತ್ತಿರಲಿಲ್ಲ. "ನೀ ಬ್ಯಾಡ ಅಂದ್ರ ಬಿಟ್ಟುಬಿಡೋಣ," ಎನ್ನುವರು ಅವರು. "ನಾ ಯಾಕ ಬ್ಯಾಡ ಅನ್ನಲಿ? ನಿಮಗ ಹ್ಯಾಂಗ ಅನಸ್ತದೋ ಹಂಗ ಮಾಡ್ರಿ," ಎನ್ನುವೆ ನಾನು. ಕೇಳುವವರಿಗೆ ಎಂಥ ಅನ್ಯೋನ್ಯ ದಾಂಪತ್ಯ! ವಾಸ್ತವದಲ್ಲಿ "ನಿನ್ನಿಷ್ಟ" ಎಂಬ ಮಾತಿನಷ್ಟು ಭಾರವಾದ ಮೂಟೆ ಇನ್ನೊಂದಿಲ್ಲ. ಅದನ್ನು ಒಬ್ಬರು ಇನ್ನೊಬ್ಬರ ತಲೆಗೆ ದಾಟಿಸುತ್ತ ಹತ್ತು ದಿನ ಕಳೆದವು.

ಎರಡನೆಯ ರವಿವಾರ ಮುಂಜಾನೆ ಪರ್ವತಿ ಗುಡ್ಡ ಹತ್ತಿದೆವು. ಮೇಲೆ ಕಟ್ಟೆಯ ಮೇಲೆ ಕುಳಿತಾಗ ಅವರು ತಟ್ಟನೆ ಕೇಳಿದರು: "ಹತ್ತು ವರ್ಷದ ಮ್ಯಾಲೆ ನಾ ಇಲ್ಲೇ ಕೂತು, ಅವತ್ತ ನಿನ್ನ ಸಲುವಾಗಿ ಬಿಟ್ಟೆ ಅಂದ್ರ ಏನು ಮಾಡ್ತಿ?"

"ನಾ ಅಲ್ಲಿ ಅಡಗಿಮನ್ಯಾಗ ನಿಂತು, ನಿಮ್ಮ ಸಲುವಾಗಿ ಬಂದೆ ಅಂದ್ರ ನೀವೇನು ಮಾಡ್ತೀರಿ?"

ಇಬ್ಬರೂ ಹೆದರಿದ್ದು ಯೂರೋಗಲ್ಲ, ಚಳಿಗಲ್ಲ, ಈ ಎರಡು ಮಾತಿಗೆ. ಅದು ಬಾಯಿಗೆ ಬಂದ ಮೇಲೆ ಹಾದಿ ಸ್ವಲ್ಪ ಸಡಿಲವಾಯಿತು. ಇನ್ನೊಬ್ಬರ ಹೆಸರು ತೆಗೆಯದೆ ತನಗೇನು ಬೇಕು ಎಂದು ಒಬ್ಬೊಬ್ಬರು ಹೇಳಬೇಕು ಎಂದು ಠರಾಯಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಹದಿನೆಂಟು ವರ್ಷ ಅಲ್ಲಿಯವರು ತಗದ ನಕಾಶೆ ಇಲ್ಲಿ ಕೂತು ತಿದ್ದೀನಿ. ಒಮ್ಮೆ ಮೊದಲನೇ ಗೆರೆ ನಾನ ಎಳೀಬೇಕು." ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ನಾನು ಕೇಳಿರಲಿಲ್ಲ. ನನ್ನದು ಸಣ್ಣ ಮಾತು: "ಸೋಮವಾರ ಮುಂಜಾನೆ ಹತ್ತಕ್ಕ ನನ್ನ ಕೈಯಾಗ ಯಾರದಾದ್ರೂ ಮಣಕಾಲು ಇರಬೇಕು."

"ನೀವು ಮೊದಲು ಹೋಗ್ರಿ, ಹೆಂಡತಿ ಮಗಳು ಆಮೇಲೆ ಬರಲಿ" ಎಂಬ ಸಲಹೆ ಬಹಳ ಜನ ಕೊಟ್ಟರು. ನಮಗದು ಹೊಂದಲಿಲ್ಲ. ಆ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ಆಮೇಲೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಭಾಷೆ ಬಾರದ ಮಕ್ಕಳಿಗೆ ಪೂರ್ವಸಿದ್ಧತೆಯ ತರಗತಿಗಳಿವೆ, ಆದರೆ ತಡವಾದಷ್ಟು ಮಗುವಿಗೇ ಕಷ್ಟ. ಹೋಗುವುದಾದರೆ ಮೂವರೂ, ಇಲ್ಲವಾದರೆ ಯಾರೂ ಇಲ್ಲ. ಇನ್ನೊಂದು ಅಂಜಿಕೆ ನೌಕರಿಯದೇ. ಜರ್ಮನಿಯ ಕಾರು ಉದ್ಯಮ 2024-25ರಲ್ಲಿ ಸಾವಿರಗಟ್ಟಲೆ ಹುದ್ದೆ ಕಡಿತ ಸಾರಿತ್ತು. ಕಾಗದದಲ್ಲಿ ಮೊದಲ ಆರು ತಿಂಗಳು ಪರೀಕ್ಷಾ ಅವಧಿ ಎಂದಿತ್ತು. ಹೀಗಾಗಿ ಪುಣೆಯ ಮನೆ ಮಾರುವುದಿಲ್ಲ, ಬಾಡಿಗೆಗೂ ಸದ್ಯ ಬೇಡ ಎಂದು ಬರೆದುಕೊಂಡೆವು.

ಡೈರಿಯ ಕೊನೆಯ ಪುಟದಲ್ಲಿ ನಮ್ಮ ಕರಾರು ಬಂತು. ಕಂಪನಿಯವರು ಫೆಬ್ರವರಿ 1ಕ್ಕೆ ಕರೆದಿದ್ದರು, ಜೂನ್ 1 ಎಂದು ಕೇಳುವುದು; ಅಷ್ಟರೊಳಗೆ ನಾನು ಎ-2 ಮುಗಿಸುವುದು, ಪದವಿಯ ಅರ್ಜಿಯನ್ನು ಇಲ್ಲಿಂದಲೇ ಹಾಕುವುದು. ಎರಡು ವರ್ಷದೊಳಗೆ ನನಗೆ ನನ್ನ ಕೆಲಸ ಸಿಗದಿದ್ದರೆ ವಾದವಿಲ್ಲದೆ ಮೂವರೂ ತಿರುಗಿ ಬರುವುದು. ಇಲ್ಲಿ ಅವರು ಒಂದು ತಕರಾರು ತೆಗೆದರು: ಬ್ಲೂ ಕಾರ್ಡಿನವರಿಗೆ 27 ತಿಂಗಳಿಗೆ ಖಾಯಂ ವಾಸದ ಪರವಾನಗಿ ಸಿಗಬಹುದು, 24ಕ್ಕೇ ಹೊರಟರೆ ಮೂರು ತಿಂಗಳಿಗಾಗಿ ಎಲ್ಲ ಕಳೆದುಕೊಂಡಂತೆ. "27 ಬರೇ ಎ-1 ಬಲ್ಲವರಿಗೆ. ಬಿ-1 ಮಾಡಿದವರಿಗೆ 21 ತಿಂಗಳು ಸಾಕು. ನೀವೂ ಕಲೀರಿ," ಎಂದೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆಂದು ಆರಾಮಾಗಿ ಕುಳಿತವರು ಗಪ್ಪಾದರು. ಕರಾರು 24 ಎಂದೇ ಉಳಿಯಿತು.

ಜೂನ್ 1ಕ್ಕೆ ಕಂಪನಿಯವರು ನಾಲ್ಕೇ ದಿನದಲ್ಲಿ ಒಪ್ಪಿದರು. ಕೇಳಿದರೆ ಕೆಟ್ಟೀತೆಂದು ನಾವು ಎಷ್ಟು ಅಂಜಿದ್ದೆವು! ನವೆಂಬರಿನಿಂದ ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗುತ್ತಿದ್ದೇನೆ. ಭಾರತಕ್ಕೆ ಒಮ್ಮೆಯೂ ಬಾರದೆ ಋಗ್ವೇದ ಸಂಪಾದಿಸಿದ ಪುಣ್ಯಾತ್ಮನ ಹೆಸರಿನ ಮನೆಯಲ್ಲಿ ಕಾಲೇಜು ಹುಡುಗರ ನಡುವೆ ಕುಳಿತು "ವೋ ಟೂಟ್ ಎಸ್ ವೇ?" ಕಲಿತೆ. ಎಲ್ಲಿ ನೋಯುತ್ತದೆ ಎಂದರ್ಥ. ಜೋಡುವಾಕ್ಯಗಳಲ್ಲಿ ಅವರ ಕ್ರಿಯಾಪದವೂ ನಮ್ಮ ಕನ್ನಡದ ಹಾಗೆ ಕೊನೆಗೆ ಹೋಗಿ ಕೂಡುತ್ತದೆ. ಮರಾಠಿ ಹುಡುಗರಿಗೂ ನನಗೂ ಅಲ್ಲಿ ಅಷ್ಟು ತ್ರಾಸಾಗಲಿಲ್ಲ. ಸೊಂಟ ಹಿಡಿದರೆ ಅವರು "ಹೆಕ್ಸೆನ್‌ಶುಸ್" ಅನ್ನುತ್ತಾರಂತೆ, ಮಾಟಗಾತಿ ಹೊಡೆದ ಬಾಣ. ಕಾಲು ಜುಮು ಜುಮು ಅಂದರೆ "ಅಮೈಸನ್‌ಲೌಫನ್", ಇರುವೆ ಹರಿದಾಡುವುದು. ಯಜಮಾನರು ಶನಿವಾರದ ತರಗತಿ ಸೇರಿದ್ದಾರೆ, ನನಗಿಂತ ಒಂದು ಮೆಟ್ಟಿಲು ಕೆಳಗೆ.

ಉಳಿದದ್ದು ಅತ್ತೆಯವರ ವಿಷಯ. "ಹೋಗೂದಾದ್ರ ಹೋಗ್ರಿ, ಬಿಡೂದಾದ್ರ ಬಿಡ್ರಿ, ನನ್ನ ನೆವ ಮಾತ್ರ ಹೇಳಬ್ಯಾಡ್ರಿ," ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. 2024ರ ಮಾರ್ಚ್ ನಂತರ ಹೊಸದಾಗಿ ಪರವಾನಗಿ ಪಡೆದ ಕುಶಲ ನೌಕರರು ತಂದೆತಾಯಿಯರನ್ನೂ ಕರೆಸಿಕೊಳ್ಳಬಹುದೆಂದು ಅಲ್ಲಿ ಕಾಯಿದೆಯಾಗಿದೆ. ಆದರೆ ಅವರ ಪೂರ್ತಿ ಖರ್ಚಿನ ಹೊಣೆ, ಅದಕ್ಕಿಂತ ಮುಖ್ಯವಾಗಿ ಆರೋಗ್ಯ ವಿಮೆ, ನಮ್ಮದು. ಎಪ್ಪತ್ತೆರಡು ದಾಟಿದ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ವಿಮೆ ಹುಡುಕುವುದು ಎಷ್ಟು ಸುಲಭವೆಂದು ಓದುಗರೇ ಊಹಿಸಿಕೊಳ್ಳಬಹುದು. ಸದ್ಯಕ್ಕೆ ಮೂರು ತಿಂಗಳ ಭೇಟಿಯ ವೀಸಾ ಒಂದೇ ದಾರಿ. ವಿಜಯಪುರದ ಭಾವನವರು ತಮ್ಮಲ್ಲಿಗೆ ಕರೆಯುತ್ತಿದ್ದಾರೆ. ಅತ್ತೆಯವರು ಒಲ್ಲೆ ಎನ್ನುತ್ತಾರೆ. ಭಜನಾಮಂಡಳಿ, ಸಂಜೆಯ ಕಟ್ಟೆ, ಕಾಯಿಪಲ್ಲೆಯವಳ ಜೊತೆ ಚೌಕಾಶಿ ಎಲ್ಲ ಪುಣೆಯಲ್ಲಿವೆ. ಮಗಳು ಕೋಥ್ರೂಡದಲ್ಲಿ ಅರ್ಧ ತಾಸಿನ ದೂರದಲ್ಲಿದ್ದಾಳೆ. ಇದೇ ಮನೆಯಲ್ಲಿ ತಾವೊಬ್ಬರೇ ಇರುತ್ತೇವೆ ಎಂಬುದು ಅವರ ಹಟ. ರಾತ್ರಿ ಜೊತೆಗೆ ಮಲಗಲು ಯಾರನ್ನಾದರೂ ಇಡೋಣವೆಂದರೆ ಅದಕ್ಕೂ ಒಪ್ಪಿಲ್ಲ. ಈ ರವಿವಾರ ಭಾವನವರು ವಿಜಯಪುರದಿಂದ ಬರುವವರಿದ್ದಾರೆ, ಮತ್ತೊಮ್ಮೆ ಕುಳಿತು ಮಾತಾಡಬೇಕು.